ನಾಯಿ ಕೇಳೋಕೆ ಹೋದರೆ ನಮ್ಮನ್ನೇ ಪರೀಕ್ಷೆ ಮಾಡ್ತಾರೆ!

ಈ ಸಲದ ಪತ್ರಗಳಲ್ಲಿ ಎರಡೇ ಸಿಟ್ಟು, ಎರಡೂ ದಿಕ್ಕಿಲ್ಲದ ನಾಯಿಗಳನ್ನು ನೋಡಿಕೊಳ್ಳುವ ಶೆಲ್ಟರ್‌ಗಳ ಮೇಲೆ. ಶೆಲ್ಟರ್‌ನವರು ನಾಯಿ ಕೊಡುವುದಿಲ್ಲ ಅಂತ ಅರ್ಧ ಜನಕ್ಕೆ, ನಮ್ಮ ಬೀದಿಯ ನಾಯಿಯನ್ನು ಎತ್ತಿಕೊಂಡು ಹೋಗುವುದಿಲ್ಲ ಅಂತ ಉಳಿದವರಿಗೆ. ನಾನು ಮುಂಬಯಿ ಪಕ್ಕದ ಠಾಣೆ ಊರಿನ ಕಡೆಯ ಒಂದು ಶೆಲ್ಟರ್‌ನಲ್ಲಿ ಭಾನುವಾರ ದತ್ತು ಅರ್ಜಿ ನೋಡುವವಳು. ಹಾಗಾಗಿ ಉತ್ತರ ಸ್ವಲ್ಪ ಆ ಕಡೆ ವಾಲಿದರೆ ಬೈಯಿರಿ. ಪೂರ್ತಿ ಓದಿ ಆಮೇಲೆ ಬೈಯಿರಿ, ಅಷ್ಟೇ.

ಪ್ರಶ್ನೆ: ಅಕ್ಕ, ನಾವು ಡೊಂಬಿವಲಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮಗಳು ಏಳನೇ ಕ್ಲಾಸು, ನಾಯಿ ಬೇಕೇ ಬೇಕು ಅಂತ ಹಠ. ದುಡ್ಡು ಕೊಟ್ಟು ಜಾತಿ ನಾಯಿ ತರುವುದು ಬೇಡ, ಪಾಪದ ಒಂದು ಜೀವಕ್ಕೆ ಮನೆ ಆಗಲಿ ಅಂತ ಶೆಲ್ಟರ್‌ಗೆ ಹೋದೆವು. ಪುಟಗಟ್ಟಲೆ ಅರ್ಜಿ. ಆಧಾರ್ ಕೇಳಿದರು, ಮನೆ ಮಾಲೀಕರ ಪತ್ರ ಕೇಳಿದರು, ಮನೆಗೇ ಬಂದು ಬಾಲ್ಕನಿಯ ಗ್ರಿಲ್‌ಗೆ ಕೈ ತೂರಿಸಿ ನೋಡಿದರು, ನಮ್ಮ ಅತ್ತೆಯನ್ನು ಅಡುಗೆಮನೆಯಲ್ಲಿ ಬೇರೆಯಾಗಿ ಮಾತಾಡಿಸಿದರು. ಎಲ್ಲ ಆದಮೇಲೆ ‘ಆಗಲ್ಲ’ ಅಂತ ಒಂದು ಮೆಸೇಜ್. ನನ್ನ ಮದುವೆಗೂ ಇಷ್ಟು ವಿಚಾರಿಸಿರಲಿಲ್ಲ! ಬೀದಿಯಲ್ಲಿ ಬಿದ್ದಿರುವ ನಾಯಿಗೆ ಮನೆ ಕೊಡುತ್ತೇವೆ ಅಂದರೂ ಇವರಿಗೆ ಇಷ್ಟು ಜಂಭವಾ?

ಉತ್ತರ: ಮದುವೆಯ ಮಾತು ಓದಿ ಜೋರಾಗಿ ನಕ್ಕೆ. ಆದರೆ ಅವರು ಕೇಳಿದ ಒಂದೊಂದು ಪ್ರಶ್ನೆಯ ಹಿಂದೆಯೂ ಯಾವುದೋ ಮನೆಯಿಂದ ವಾಪಸ್ ಬಂದ ಒಂದು ನಾಯಿ ಇರುತ್ತದೆ.

ಮಾಲೀಕರ ಪತ್ರವನ್ನೇ ತಗೊಳ್ಳಿ. ಮಹಾರಾಷ್ಟ್ರದಲ್ಲಿ ಬಾಡಿಗೆ ಮನೆ ಅಂದರೆ ಸಾಮಾನ್ಯವಾಗಿ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್. ನಾಯಿ ಬದುಕುವುದು 12–14 ವರ್ಷ. ಅಂದರೆ ಒಂದು ಡಜನ್ ಸಲವಾದರೂ ಅಗ್ರಿಮೆಂಟ್ ಹೊಸದಾಗಬೇಕು, ಅಷ್ಟು ಸಲವೂ ಮಾಲೀಕ ‘ನಾಯಿ ಇದ್ದರೆ ಇರಲಿ ಬಿಡಿ’ ಅನ್ನಬೇಕು. ಅನ್ನದಿದ್ದರೆ ಮನೆ ಬಿಡುವವರು ಕಡಿಮೆ, ನಾಯಿ ಬಿಡುವವರೇ ಜಾಸ್ತಿ. ಸೊಸೈಟಿಯವರ ಮಾತು ಬೇರೆ. ಸದಸ್ಯರೆಲ್ಲ ಸೇರಿ ಠರಾವು ಮಾಡಿದರೂ ಸಾಕುಪ್ರಾಣಿ ಬೇಡ ಅನ್ನುವ ಹಾಗಿಲ್ಲ, ಲಿಫ್ಟ್‌ನಲ್ಲಿ ಬರಬೇಡಿ ಅನ್ನುವ ಹಾಗೂ ಇಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸೂಚನೆ ಕೊಟ್ಟಿದೆ. ಅದನ್ನು ಪ್ರಿಂಟ್ ಹಾಕಿಸಿ ಕಾರ್ಯದರ್ಶಿಯ ಕೈಗೆ ಕೊಡಬಹುದು. ಆದರೆ ಮನೆ ಮಾಲೀಕ ಮುಂದಿನ ಸಲ ಅಗ್ರಿಮೆಂಟ್ ಮಾಡುವುದಿಲ್ಲ ಅಂದರೆ ಆ ಕಾಗದ ಕೆಲಸಕ್ಕೆ ಬರುವುದಿಲ್ಲ.

ಗ್ರಿಲ್‌ಗೆ ಕೈ ತೂರಿಸಿದ್ದೂ ಸುಮ್ನೆ ಅಲ್ಲ. ಮುಷ್ಟಿ ಸಲೀಸಾಗಿ ಹೊರಗೆ ಹೋದರೆ ಎರಡು ತಿಂಗಳ ಮರಿಯ ತಲೆಯೂ ಹೋಗುತ್ತದೆ. ತಲೆ ಹೋದ ಕಡೆ ಮೈ ಹೋಗಿಯೇ ಹೋಗುತ್ತದೆ, ಅದೂ ನಾಲ್ಕನೇ ಮಹಡಿಯಿಂದ. ಪಾರಿವಾಳಕ್ಕೆ ಹಾಕುವ ನೈಲಾನ್ ಬಲೆಯನ್ನೇ ಕೆಳಗಿನ ಒಂದೂವರೆ ಅಡಿಗೆ ಎರಡು ಪದರ ಮಾಡಿ ಬಿಗಿಸಿದರೆ ಸಾಕು.

ಇನ್ನು ನಿಮ್ಮ ಅತ್ತೆ. ಮಗಳು ಸ್ಕೂಲು, ಕ್ಲಾಸು. ನೀವಿಬ್ಬರೂ ಬೆಳಿಗ್ಗೆ ಲೋಕಲ್ ಹಿಡಿದರೆ ಬರುವುದು ರಾತ್ರಿ. ನಾಯಿಯ ಜೊತೆ ದಿನವಿಡೀ ಇರುವವರು ಯಾರು ಹೇಳಿ? ನಿಮ್ಮೆಲ್ಲರ ಎದುರಿಗೆ ಕೇಳಿದರೆ ಅತ್ತೆ ‘ನಂಗೇನು, ಮಕ್ಕಳಿಷ್ಟ’ ಅನ್ನುತ್ತಾರೆ. ಅಡುಗೆಮನೆಯಲ್ಲಿ ಕೇಳಿದರೆ ನಿಜ ಹೊರಗೆ ಬರುತ್ತದೆ: ದೇವರ ಕೋಣೆಗೆ ಬಂದರೆ, ಕೂದಲು ಉದುರಿದರೆ, ನನ್ನ ಮಂಡಿ ನೋವಿಗೆ ಅದು ಎಳೆದರೆ. ಹಾಗೆ ಭಯಪಡುವುದು ತಪ್ಪೇನಲ್ಲ. ಆದರೆ ಅಂಥ ಮನೆಗೆ ಮರಿ ಹೋದರೆ ಎರಡೇ ವಾರದಲ್ಲಿ ಬಾಲ್ಕನಿಯಲ್ಲಿ ಕಟ್ಟಿರುತ್ತಾರೆ. ಮೇ ರಜೆ ಬಂತು, ಎಲ್ಲರೂ ಊರಿಗೆ ಹೊರಟರು ಅಂದಾಗ ಶೆಲ್ಟರ್‌ಗೆ ಫೋನು. ವಾಪಸ್ ಬಂದ ನಾಯಿಯನ್ನು ನೀವು ಒಂದು ಸಲ ನೋಡಬೇಕು. ಗೇಟಿನ ಕಡೆಗೆ ಮುಖ ಮಾಡಿ ಕೂತು ಪ್ರತಿ ರಿಕ್ಷಾ ಸದ್ದಿಗೂ ಎದ್ದು ನಿಲ್ಲುತ್ತದೆ, ಅನ್ನ ಹಾಗೇ ಬಿಟ್ಟಿರುತ್ತದೆ. ಬೆಳೆದ ನಾಯಿಯನ್ನು ಕೇಳಿಕೊಂಡು ಬರುವವರೂ ಕಡಿಮೆ, ಕಪ್ಪು ಬಣ್ಣದ್ದಾದರಂತೂ ಮುಗಿಯಿತು. ಅದು ಅಲ್ಲೇ ಕೂತರೆ ಹೊಸದಾಗಿ ಅಪಘಾತವಾಗಿ ಬಂದದ್ದಕ್ಕೆ ಗೂಡು ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ ಅವರದ್ದೂ ಒಂದು ತಪ್ಪು ಇದೆ. ಕಾರಣ ಹೇಳದೆ ‘ಆಗಲ್ಲ’ ಅಂದದ್ದು ಸರಿಯಲ್ಲ. ಕಾರಣ ಕೇಳಿ, ಬಿಡಬೇಡಿ. ಬಾಡಿಗೆಯವರಿಗಿಲ್ಲ, ಬ್ರಹ್ಮಚಾರಿಗಳಿಗಿಲ್ಲ, ಇಬ್ಬರೂ ಕೆಲಸಕ್ಕೆ ಹೋಗುವವರಿಗಿಲ್ಲ ಅಂತ ಗೀಟು ಎಳೆದು ಕೂರುವ ಶೆಲ್ಟರ್‌ಗಳಿವೆ. ಅದು ನನಗೆ ಒಪ್ಪಿಗೆಯಿಲ್ಲ. ಮುಂಬಯಿಯಲ್ಲಿ ಆ ಮೂರನ್ನೂ ಕಳೆದರೆ ಉಳಿಯುವವರು ಯಾರು? ಒಂಟಿ ಹುಡುಗರು ಮೂರು ಕಾಲಿನ ನಾಯಿಯನ್ನು ರಾಜನ ಹಾಗೆ ಸಾಕಿದ್ದು ನೋಡಿದ್ದೇನೆ.

ನೀವು ಹೀಗೆ ಮಾಡಿ. ಮಾಲೀಕರಿಂದ ಎರಡು ಸಾಲು ಬರೆಸಿಕೊಳ್ಳಿ, ಬಲೆ ಹಾಕಿಸಿ. ಮರಿಯ ಬದಲು ಎರಡು ಮೂರು ವರ್ಷದ ಶಾಂತ ಹೆಣ್ಣು ನಾಯಿ ಕೇಳಿ. ಮೊದಲು ಒಂದು ತಿಂಗಳು ಫಾಸ್ಟರ್ ಅಂತ ಇಟ್ಟುಕೊಳ್ಳುತ್ತೇವೆ ಅನ್ನಿ. ಅಂದರೆ ನಾಯಿ ಶೆಲ್ಟರ್‌ನದ್ದೇ, ಮನೆ ನಿಮ್ಮದು. ಅತ್ತೆಗೂ ಹಿಡಿಸಿದರೆ ದತ್ತು ಪತ್ರಕ್ಕೆ ಸಹಿ. ಬೆಳೆದ ನಾಯಿಯ ಸ್ವಭಾವ ಮೊದಲೇ ಗೊತ್ತಿರುತ್ತದೆ, ಅತ್ತೆಯ ಮಂಡಿಗೂ ಕ್ಷೇಮ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ‘ಗೋಲ್ಡನ್ ರಿಟ್ರೀವರ್ ಮರಿ, ಮಾಲೀಕರು ವಿದೇಶಕ್ಕೆ ಹೋಗುತ್ತಿದ್ದಾರೆ, ಉಚಿತ ದತ್ತು’ ಅಂತ ಬಂದಿದೆ. ಸಾಗಣೆ ಖರ್ಚು ಮಾತ್ರ ಮೊದಲೇ ಕಳಿಸಬೇಕಂತೆ. ಕಳಿಸಲಾ? (ಮುಲುಂಡ್)

ಉತ್ತರ: ಬೇಡ. ಆ ಮರಿ ಇಲ್ಲವೇ ಇಲ್ಲ, ಫೋಟೋ ಮಾತ್ರ ಇರುವುದು. ಇವತ್ತು ಸಾಗಣೆ, ನಾಳೆ ಇನ್ಶೂರೆನ್ಸ್, ನಾಡಿದ್ದು ‘ಏರ್‌ಪೋರ್ಟ್‌ನಲ್ಲಿ ಸಿಕ್ಕಿಹಾಕಿಕೊಂಡಿದೆ’ ಅಂತ ಇನ್ನಷ್ಟು ಕೇಳುತ್ತಾರೆ. ನಾಯಿಯನ್ನು ಕಣ್ಣಾರೆ ನೋಡದೆ ಯಾರಿಗೂ ಒಂದು ರೂಪಾಯಿ ಹಾಕಬೇಡಿ. ಹಾಗಂತ ಶೆಲ್ಟರ್‌ನವರು ದುಡ್ಡು ಕೇಳಿದ ತಕ್ಷಣ ಮೋಸ ಅಂದುಕೊಳ್ಳಬೇಡಿ. ಲಸಿಕೆ, ಮರಿಯಾಗದ ಹಾಗೆ ಮಾಡುವ ಆಪರೇಷನ್, ಇವುಗಳ ಖರ್ಚಿನ ಒಂದು ಪಾಲು ಕೇಳುವವರಿದ್ದಾರೆ, ಆಪರೇಷನ್ ಮಾಡಿಸಿದ ಮೇಲೆ ವಾಪಸ್ ಕೊಡುವ ಡಿಪಾಸಿಟ್ ಇಡಿಸಿಕೊಳ್ಳುವವರೂ ಇದ್ದಾರೆ. ರಸೀದಿ ಕೇಳಿ ಪಡೆಯಿರಿ.

ಪ್ರಶ್ನೆ: ಪುಣೆಯ ವಾಕಡ್‌ನಿಂದ ಬರೆಯುತ್ತಿದ್ದೇವೆ. ಇಬ್ಬರೂ ಹಿಂಜವಡಿಯಲ್ಲಿ ಕೆಲಸ. ಶನಿವಾರ ಒಂದು ಶೆಲ್ಟರ್‌ನಿಂದ ಮರಿ ತಂದೆವು, ಕುಣಿದಾಡಿಕೊಂಡಿತ್ತು. ಬುಧವಾರ ಊಟ ಬಿಟ್ಟಿತು, ಗುರುವಾರ ವಾಂತಿ, ರಕ್ತಭೇದಿ. ಡಾಕ್ಟರು ಪಾರ್ವೋ ಅಂದರು, ಮರಿಗಳ ಕರುಳಿಗೆ ಬರುವ ಅಂಟುರೋಗವಂತೆ. ಡ್ರಿಪ್ ಹಾಕಿಸಿದರೂ ಭಾನುವಾರ ಹೋಗಿಬಿಟ್ಟಿತು. ಶೆಲ್ಟರ್‌ಗೆ ಫೋನ್ ಮಾಡಿದರೆ ‘ನಿಮ್ಮ ಮನೆಯಲ್ಲೇ ಬಂದದ್ದು, ಇಲ್ಲಿದ್ದಾಗ ಚೆನ್ನಾಗಿತ್ತು’ ಅಂತ ಇಟ್ಟುಬಿಟ್ಟರು. ಹೆಂಡತಿ ಇನ್ನೂ ಅಳುತ್ತಿದ್ದಾಳೆ. ನಮ್ಮಿಂದಲೇ ಆಯಿತಾ?

ಉತ್ತರ: ಇಲ್ಲ, ನಿಮ್ಮಿಂದ ಆಗಿಲ್ಲ. ಇದನ್ನು ಮೊದಲು ನಿಮ್ಮ ಮನೆಯವರಿಗೆ ಓದಿ ಹೇಳಿ.

ಪಾರ್ವೋ ವೈರಸ್ ಒಳಗೆ ಹೋದ ಮೇಲೆ ಲಕ್ಷಣ ಕಾಣುವುದಕ್ಕೆ ಸಾಮಾನ್ಯವಾಗಿ 3ರಿಂದ 7 ದಿನ ಬೇಕು, ಕೆಲವು ಸಲ ಎರಡು ವಾರದ ತನಕ ಎಳೆಯುತ್ತದೆ. ಶನಿವಾರ ಬಂದ ಮರಿ ಬುಧವಾರ ಸೊರಗಿತು ಅಂದರೆ ಅದು ನಿಮ್ಮ ಮನೆಗೆ ಬರುವಾಗಲೇ ವೈರಸ್ ಹೊತ್ತುಕೊಂಡು ಬಂದಿರುವ ಸಾಧ್ಯತೆಯೇ ಹೆಚ್ಚು. ಕುಣಿಯುತ್ತಿದ್ದದ್ದೂ ನಿಜ, ಒಳಗೆ ವೈರಸ್ ಇದ್ದದ್ದೂ ನಿಜ. ಹಾಗಂತ ಶೆಲ್ಟರ್‌ನವರು ಗೊತ್ತಿದ್ದೂ ಕೊಟ್ಟರು ಅಂತ ನಾನು ಹೇಳುವುದಿಲ್ಲ. ರಾತ್ರಿ ಹೊತ್ತು ಯಾರೋ ಬಂದು ರಟ್ಟಿನ ಪೆಟ್ಟಿಗೆಯಲ್ಲಿ ಐದು ಮರಿ ಗೇಟಿನ ಹತ್ತಿರ ಇಟ್ಟು ಹೋಗುತ್ತಾರೆ. ತಾಯಿ ಯಾವುದು, ಲಸಿಕೆ ಆಗಿದೆಯಾ, ಏನೂ ಗೊತ್ತಿಲ್ಲ. ಅಂಥ ಮರಿಗಳನ್ನು ಎರಡು ವಾರ ಬೇರೆ ಕೋಣೆಯಲ್ಲಿಟ್ಟು, ಬೇರೆ ತಟ್ಟೆ, ಬೇರೆ ಪೊರಕೆ, ಬಾಗಿಲಲ್ಲಿ ಕಾಲು ಅದ್ದಿ ಬರುವುದಕ್ಕೆ ಬ್ಲೀಚ್ ನೀರಿನ ತಟ್ಟೆ ಇಟ್ಟು ನೋಡಿಕೊಂಡ ಮೇಲೆ ದತ್ತು ಕೊಡಬೇಕು. ಜಾಗ ಸಾಲದ ಕಡೆ ಮೊದಲು ಕೈಬಿಡುವುದು ಇದನ್ನೇ. ವಾರಾಂತ್ಯದ ದತ್ತು ಮೇಳ ಬಂತು, ಮರಿ ಮುದ್ದಾಗಿದೆ, ಕೊಟ್ಟುಬಿಡೋಣ ಅನ್ನುತ್ತಾರೆ.

ನನಗೆ ಕೋಪ ಬಂದದ್ದು ಆ ಫೋನ್ ಇಟ್ಟ ರೀತಿಗೆ. ನಿಮ್ಮ ಮರಿಯ ಅಣ್ಣ ತಂಗಿಯರು ಬೇರೆ ಬೇರೆ ಮನೆಗಳಿಗೆ ಹೋಗಿರುತ್ತವೆ ಅಲ್ವಾ? ನಿಮ್ಮ ಫೋನ್ ಬಂದ ನಿಮಿಷವೇ ಆ ಮನೆಗಳಿಗೆಲ್ಲ ‘ಮರಿ ಸ್ವಲ್ಪ ಮಂಕಾದರೂ ಡಾಕ್ಟರ ಹತ್ತಿರ ಓಡಿ’ ಅಂತ ಹೇಳಬೇಕಿತ್ತು. ಪಾರ್ವೋದಲ್ಲಿ ಅರ್ಧ ದಿನ ಬೇಗ ಡ್ರಿಪ್ ಹಾಕಿದರೂ ಬದುಕುವ ಅವಕಾಶ ಜಾಸ್ತಿ. ನೀವೇ ಅವರಿಗೆ ಬರೆದು ಕಳಿಸಿ, ಡಾಕ್ಟರ ಚೀಟಿಯ ಫೋಟೋ ಸಮೇತ. ಜಗಳಕ್ಕಂತ ಬೇಡ, ಆ ಉಳಿದ ಮರಿಗಳಿಗಾಗಿ.

ಮುಂದೆ ನಾಯಿ ತರುವಾಗ ಲಸಿಕೆ ಪುಸ್ತಕ ಬಿಡಿಸಿ ನೋಡಿ. ಲಸಿಕೆ ಹಾಕಿದ ಡಾಕ್ಟರು ಸೀಸೆಯ ಮೇಲಿನ ಸಣ್ಣ ಲೇಬಲ್ ಕಿತ್ತು ಪುಸ್ತಕಕ್ಕೆ ಅಂಟಿಸುತ್ತಾರೆ, ಬ್ಯಾಚ್ ನಂಬರ್ ಅದರಲ್ಲೇ ಇರುತ್ತದೆ. ಪಕ್ಕದಲ್ಲಿ ತಾರೀಕು, ಸಹಿ. ಬರೀ ಪೆನ್ನಿನಲ್ಲಿ ತಾರೀಕು ಗೀಚಿದ್ದರೆ ಯಾವ ಕ್ಲಿನಿಕ್ ಅಂತ ಕೇಳಿ. ‘ಒಂದು ಇಂಜೆಕ್ಷನ್ ಆಗಿದೆ’ ಅಂದರೆ ನಿಶ್ಚಿಂತೆ ಅಂತ ತಿಳಿಯಬೇಡಿ. ತಾಯಿ ಹಾಲಿನಿಂದ ಬಂದ ರಕ್ಷಣೆಯೇ ಮೊದಮೊದಲು ಲಸಿಕೆಗೆ ಅಡ್ಡ ಬರುತ್ತದೆ. ಅದಕ್ಕೇ 6–8 ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಮರಿಗೆ 16 ವಾರ ಆಗುವ ತನಕ ಹಾಕಿಸುವುದು.

ಮನೆಯ ವಿಷಯ. ಈ ವೈರಸ್ ನೆಲ, ಸೋಫಾ, ಚಪ್ಪಲಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್ ನಂಬಬೇಡಿ. ಒಂದು ಪಾಲು ಬ್ಲೀಚ್‌ಗೆ ಮೂವತ್ತು ಪಾಲು ನೀರು ಹಾಕಿ ಒರೆಸಿ, ಹತ್ತು ನಿಮಿಷ ಒದ್ದೆಯಾಗಿಯೇ ಬಿಡಿ. ತಟ್ಟೆ, ಹಾಸಿಗೆ ಎಸೆಯಿರಿ. ಮನುಷ್ಯರಿಗೆ ಇದು ಬರುವುದಿಲ್ಲ, ಆ ಹೆದರಿಕೆ ಬೇಡ. ಸದ್ಯಕ್ಕೆ ಇನ್ನೊಂದು ಮರಿ ಮಾತ್ರ ತರಬೇಡಿ. ಮನಸ್ಸಾದರೆ ಲಸಿಕೆ ಪೂರ್ತಿ ಆದ ದೊಡ್ಡ ನಾಯಿ ತನ್ನಿ.

ಪ್ರಶ್ನೆ: ಮಾಟುಂಗದಲ್ಲಿ ನಮ್ಮದು ಹೋಟೆಲು. ಕುಂದಾಪುರದ ಹತ್ತಿರ ಊರಮನೆ, ತೋಟ ಇದೆ, ಅಪ್ಪ ಅಮ್ಮ ಇಬ್ಬರೇ. ಕಾವಲಿಗೆ ಅಂತ ಎರಡು ನಾಯಿ ಕೇಳಿದರೆ ಶೆಲ್ಟರ್‌ನ ಹುಡುಗಿ ‘ಕಾವಲಿಗೆ ಕೊಡುವುದಿಲ್ಲ ಅಂಕಲ್’ ಅಂದಳು. ಎರಡು ಎಕರೆ ಜಾಗ, ಹೊತ್ತು ಹೊತ್ತಿಗೆ ಮೀನು ಅನ್ನ. ಮುಂಬಯಿಯ ಒಂದು ಕೋಣೆಗಿಂತ ಅದು ಸ್ವರ್ಗವಲ್ಲವಾ?

ಉತ್ತರ: ‘ಕಾವಲಿಗೆ’ ಅಂದಿರಲ್ಲ, ಅಲ್ಲಿಗೆ ನಿಮ್ಮ ಅರ್ಜಿ ಪಕ್ಕಕ್ಕೆ ಹೋಯಿತು. ಕಾವಲು ನಾಯಿ ಅಂದರೆ ಹಗಲು ಸರಪಳಿ, ರಾತ್ರಿ ಬಿಡುವುದು, ಕಾಯಿಲೆ ಬಂದರೆ ತಾನಾಗಿ ಗುಣವಾದರೆ ಆಯಿತು. ಎಲ್ಲರೂ ಹಾಗಲ್ಲ, ಆದರೆ ಊರಿನಲ್ಲಿ ನೋಡುವುದು ಹೆಚ್ಚಾಗಿ ಅದೇ ಅಲ್ವಾ?

ಇನ್ನೊಂದು ಚಿರತೆ. ನಿಮ್ಮ ಊರ ಕಡೆ ಅಂಗಳದಲ್ಲಿ ಕಟ್ಟಿದ ನಾಯಿಯನ್ನು ಚಿರತೆ ಹೊತ್ತುಕೊಂಡು ಹೋದ ಸುದ್ದಿ ನಿಮ್ಮ ತಂದೆಯವರೇ ಹೇಳಿಯಾರು. ಇಲ್ಲಿ ಬೊರಿವಲಿ ಕಾಡಿನ ಅಂಚಿನಲ್ಲೂ ಅಷ್ಟೇ, ಚಿರತೆಯ ಊಟದಲ್ಲಿ ನಾಯಿಯದ್ದು ದೊಡ್ಡ ಪಾಲು. ಕಟ್ಟಿದ ನಾಯಿಗೆ ಓಡುವುದಕ್ಕೂ ಆಗುವುದಿಲ್ಲ. ಜೊತೆಗೆ ದೂರ. ದತ್ತು ಕೊಟ್ಟ ಮೇಲೆ ಮೂರು ತಿಂಗಳು ಆರು ತಿಂಗಳು ಹೋಗಿ ನೋಡಿ ಬರುವುದು ಶೆಲ್ಟರ್‌ನ ಕೆಲಸ, ಕುಂದಾಪುರಕ್ಕೆ ಯಾರು ಹೋಗುತ್ತಾರೆ?

ನಾನು ನಿಮ್ಮ ಜಾಗದಲ್ಲಿದ್ದರೆ ಇಲ್ಲಿಂದ ನಾಯಿ ಸಾಗಿಸುವುದೇ ಇಲ್ಲ. ಉಡುಪಿ, ಮಂಗಳೂರಿನ ಕಡೆಯೇ ಮನೆ ಹುಡುಕುತ್ತಿರುವ ನಾಯಿಗಳು ಬೇಕಾದಷ್ಟಿವೆ. ಮಳೆ, ಕೆಸರು, ಉಣುಗು ಎಲ್ಲದಕ್ಕೂ ಒಗ್ಗಿದವು. ರಾತ್ರಿ ಜಗಲಿಯ ಒಳಗೆ, ಬಾಗಿಲು ಹಾಕಿ ಮಲಗಿಸಲಿ. ನಾಯಿ ಒಳಗಿನಿಂದ ಬೊಗಳಿದರೂ ಕಳ್ಳ ಓಡುತ್ತಾನೆ.

ಪ್ರಶ್ನೆ: ಆಪರೇಷನ್ ಕಡ್ಡಾಯ ಅಂತ ದತ್ತು ಪತ್ರದಲ್ಲಿ ಬರೆದಿದ್ದಾರೆ. ಹೆಣ್ಣು ನಾಯಿ ಒಂದು ಸಲವಾದರೂ ಮರಿ ಹಾಕಬೇಕು, ಇಲ್ಲದಿದ್ದರೆ ಪಾಪ ಅಂತ ಮಾವನವರು ಹಠ ಹಿಡಿದಿದ್ದಾರೆ. (ಚಿಂಚವಡ, ಪುಣೆ)

ಉತ್ತರ: ಮಾವನವರನ್ನು ಒಂದು ದಿನ ಯಾವುದಾದರೂ ಶೆಲ್ಟರ್‌ನ ಮರಿ ಕೋಣೆಗೆ ಕರೆದುಕೊಂಡು ಹೋಗಿ. ನಾನು ವಾದ ಮಾಡುವುದಕ್ಕಿಂತ ಅದು ವಾಸಿ. ಒಂದು ಸಲ ಹೆತ್ತರೆ ನಾಯಿಗೆ ಒಳ್ಳೆಯದು ಅನ್ನುವುದಕ್ಕೆ ವೈದ್ಯರ ಹತ್ತಿರ ಆಧಾರ ಇಲ್ಲ. ಮೊದಲ ಸಲ ಬೆದೆಗೆ ಬರುವ ಮುಂಚೆ ಆಪರೇಷನ್ ಆದರೆ ಮೊಲೆಯ ಗೆಡ್ಡೆ ಬರುವುದು ತುಂಬ ಕಡಿಮೆ. ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವುದು ನಿಂತೇ ಹೋಗುತ್ತದೆ. ಆರು ಮರಿ ಹುಟ್ಟಿದರೆ ಆರಕ್ಕೂ ಮನೆ ಹುಡುಕುವವರು ಯಾರು, ಮಾವನವರಾ? ಸಹಿ ಹಾಕಿ ಆಮೇಲೆ ಮಾಡಿಸದೆ ಬಿಡುವ ಯೋಚನೆ ಇದ್ದರೆ ಆ ನಾಯಿ ತರಬೇಡಿ.

ಪ್ರಶ್ನೆ: ಗೋವಾದ ವಾಸ್ಕೋದಲ್ಲಿ ನಮ್ಮ ಸೊಸೈಟಿ ಗೇಟಿನ ಹತ್ತಿರ ಮೂರು ಬೀದಿನಾಯಿ ಇವೆ. ನಾನು ಅನ್ನ ಹಾಕುತ್ತೇನೆ. ‘ಶೆಲ್ಟರ್‌ಗೆ ಫೋನ್ ಮಾಡಿ ಎತ್ತಿಸಿ, ಕೋರ್ಟೇ ಹೇಳಿದೆ’ ಅಂತ ಸೊಸೈಟಿಯವರು ನನ್ನ ಮೇಲೆ ಬಿದ್ದಿದ್ದಾರೆ. ಫೋನ್ ಮಾಡಿದರೆ ಶೆಲ್ಟರ್‌ನವರು ಬರುವುದಿಲ್ಲ ಅನ್ನುತ್ತಾರೆ. ಹಾಗಾದರೆ ಶೆಲ್ಟರ್ ಇರುವುದು ಯಾತಕ್ಕೆ?

ಉತ್ತರ: ಶೆಲ್ಟರ್ ಇರುವುದು ಕಾಲು ಮುರಿದದ್ದಕ್ಕೆ, ಹುಳ ಬಿದ್ದ ಗಾಯಕ್ಕೆ, ತಾಯಿಯಿಲ್ಲದ ಮರಿಗೆ. ಆರೋಗ್ಯವಾಗಿ ಗೇಟಿನ ಹತ್ತಿರ ಮಲಗಿರುವ ನಾಯಿಗೆ ಅಲ್ಲ. ತುಂಬಿದ ಶೆಲ್ಟರ್‌ಗೆ ಅಂಥದ್ದನ್ನು ಹಾಕಿದರೆ ಮೊದಲು ಜಗಳ, ಆಮೇಲೆ ಕಾಯಿಲೆ.

ಕೋರ್ಟಿನ ಮಾತು ಅರ್ಧ ಕೇಳಿಸಿಕೊಂಡಿದ್ದಾರೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತಲ ನಾಯಿಗಳನ್ನೆಲ್ಲ ಶೆಲ್ಟರ್‌ಗೆ ಹಾಕಿ ಅಂದದ್ದು ಹೌದು. ಆಗಸ್ಟ್ 22ಕ್ಕೆ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು. ಆಪರೇಷನ್, ಲಸಿಕೆ ಮಾಡಿಸಿ ಹಿಡಿದ ಜಾಗಕ್ಕೇ ಬಿಡಿ, ಹುಚ್ಚು ಹಿಡಿದದ್ದು ಅಥವಾ ಮೇಲೆ ಬೀಳುವ ಸ್ವಭಾವದ್ದನ್ನು ಮಾತ್ರ ಬಿಡಬೇಡಿ, ಅನ್ನ ಹಾಕುವುದು ಗುರುತಿಸಿದ ಜಾಗದಲ್ಲೇ ಆಗಲಿ ಅಂತ. ನವೆಂಬರ್ 7ರ ಆದೇಶ ಬೇರೆ. ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣದ ನಾಯಿಗಳನ್ನು ತೆಗೆದು ಶೆಲ್ಟರ್‌ಗೆ ಹಾಕಬೇಕು, ಅಲ್ಲಿಗೇ ವಾಪಸ್ ಬಿಡಬಾರದು ಅಂತ ಅದರಲ್ಲಿದೆ. ಈ ಪಟ್ಟಿಯಲ್ಲಿ ನಿಮ್ಮ ಸೊಸೈಟಿ ಗೇಟು ಇಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮವೂ ಅದೇ ಜಾಗಕ್ಕೆ ಬಿಡಬೇಕು ಅನ್ನುತ್ತದೆ. ಅನ್ನ ಹಾಕುವ ಜಾಗ ಗೊತ್ತುಮಾಡುವ ಹೊಣೆಯನ್ನು ಸೊಸೈಟಿಗೇ ಕೊಟ್ಟಿದೆ. ಮಕ್ಕಳು ಆಡುವ ಕಡೆ, ಮೆಟ್ಟಿಲು, ಹೋಗಿಬರುವ ದಾರಿ ಬಿಟ್ಟು. ಅಂದರೆ ನೀವು ಗೇಟಿನ ಬಾಯಲ್ಲೇ ಅನ್ನ ಹಾಕುತ್ತಿದ್ದರೆ ಆ ವಿಷಯದಲ್ಲಿ ಸೊಸೈಟಿಯವರದ್ದೇ ಸರಿ. ಜಾಗ ಬದಲಿಸಿ.

ಎತ್ತಿಸಿದರೂ ಏನೂ ಉಪಯೋಗ ಇಲ್ಲ ಅನ್ನುವುದು ಈ ಕಡಲ ಕರೆಯವರಿಗೆ ಹಳೇ ಪಾಠ. ಬ್ರಿಟಿಷರು ಮುಂಬಯಿಯಲ್ಲಿ ಬೀದಿನಾಯಿ ಕೊಲ್ಲಿಸಿದ್ದಕ್ಕೆ 1832ರಲ್ಲಿ ಪಾರ್ಸಿಗಳು ದಂಗೆಯನ್ನೇ ಎದ್ದಿದ್ದರು. ಆಮೇಲೂ ಎಷ್ಟೋ ಕಾಲ ಕೊಂದರು, ನಾಯಿ ಕಡಿಮೆಯಾಗಲಿಲ್ಲ. ಕಸ ಇರುವ ಕಡೆ ಜಾಗ ಖಾಲಿಯಾದರೆ ಪಕ್ಕದ ಬೀದಿಯವು ಬರುತ್ತವೆ, ಅದೂ ಲಸಿಕೆ ಇಲ್ಲದವು. ಗೋವಾದಲ್ಲಿ ಬೇರೆ ದಾರಿ ಹಿಡಿದರು. ಬಲೆ ಹಿಡಿದು ಬೀದಿ ಬೀದಿ ಸುತ್ತಿ, ಹಿಡಿದಲ್ಲೇ ರೇಬೀಸ್ ಲಸಿಕೆ ಹಾಕಿ, ಬೆನ್ನಿಗೆ ಬಣ್ಣದ ಗೀಟು ಎಳೆದು ಬಿಟ್ಟರು. 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶ ಅಂತ ಸರ್ಕಾರ ಘೋಷಿಸಿತು. ನಿಮ್ಮ ಸೊಸೈಟಿಯ ಸಭೆಯಲ್ಲಿ ಇದನ್ನು ಹೇಳಿ.

ಈಗ ನಿಮ್ಮ ಕೆಲಸ. ಮೂರರ ಕಿವಿ ನೋಡಿ. ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತು ಇದ್ದರೆ ಆಪರೇಷನ್ ಆಗಿದೆ. ಇಲ್ಲದಿದ್ದರೆ ಶೆಲ್ಟರ್‌ಗೆ ‘ಎತ್ತಿ’ ಅನ್ನಬೇಡಿ, ‘ಆಪರೇಷನ್, ಲಸಿಕೆ ಮಾಡಿಸಿ ವಾಪಸ್ ಬಿಡಿ, ಹಿಡಿಯುವುದಕ್ಕೆ ನಾನು ನಿಲ್ಲುತ್ತೇನೆ’ ಅನ್ನಿ. ಫೋನ್ ಎತ್ತಿದವರ ದನಿಯೇ ಬದಲಾಗುತ್ತದೆ. ಯಾರಿಗಾದರೂ ಕಚ್ಚಿದರೆ, ಗೀರಿದರೂ ಸರಿ, 15 ನಿಮಿಷ ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು ನೇರ ಆಸ್ಪತ್ರೆಗೆ ಹೋಗಲಿ. ಅರಿಶಿನ, ಮೆಣಸಿನ ಪುಡಿ ಏನೂ ಬೇಡ.

ಪ್ರಶ್ನೆ: ದತ್ತು ತಂದ ನಾಯಿಯನ್ನು ರೈಲಿನಲ್ಲಿ ಉಡುಪಿಗೆ ಕರೆದುಕೊಂಡು ಹೋಗಬಹುದಾ? (ಭಾಂಡುಪ್)

ಉತ್ತರ: ಹೋಗಬಹುದು, ಎರಡೇ ದಾರಿ. ಎಸಿ ಫಸ್ಟ್ ಕ್ಲಾಸ್ ಇರುವ ಗಾಡಿಯಾದರೆ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮದೇ ಆಗಿರಬೇಕು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ನಾಯಿ ಪೆಟ್ಟಿಗೆಯಲ್ಲಿ. ಸ್ಲೀಪರ್, ಎಸಿ ಟೂ ಟೈರ್, ತ್ರೀ ಟೈರ್‌ನಲ್ಲಿ ಬಿಡುವುದಿಲ್ಲ. ಲಸಿಕೆ ಪುಸ್ತಕ, ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟ್ ಇಟ್ಟುಕೊಂಡು ಪಾರ್ಸೆಲ್ ಆಫೀಸಿಗೆ ಬೇಗ ಹೋಗಿ. ಆ ಪೆಟ್ಟಿಗೆ ನನಗೆ ಇಷ್ಟವಿಲ್ಲ. ಕೊಂಕಣ ರೈಲ್ವೆಯಲ್ಲಿ ಸುರಂಗದ ಮೇಲೆ ಸುರಂಗ, ರತ್ನಾಗಿರಿ ಹತ್ತಿರದ ಕರಬುಡೆ ಒಂದೇ ಆರೂವರೆ ಕಿಲೋಮೀಟರು. ಶೆಲ್ಟರ್‌ನಿಂದ ಈಗಷ್ಟೇ ಬಂದ ನಾಯಿಗೆ ಆ ಕತ್ತಲೆ, ಸದ್ದು ಎರಡೂ ಬೇಡ. ಮನೆಗೆ ಬಂದು ಮೂರು ತಿಂಗಳು ಆಗಿಲ್ಲದಿದ್ದರೆ ಈ ಸಲ ಮನೆಯಲ್ಲಿ ಒಬ್ಬರು ಉಳಿಯಿರಿ, ಇಲ್ಲವೇ ಅದಕ್ಕೆ ಗುರುತಿರುವ ಪಕ್ಕದ ಮನೆಯವರ ಹತ್ತಿರ ಬಿಡಿ. ಬೋರ್ಡಿಂಗ್‌ನಲ್ಲಿ ಬಿಡುವುದಾದರೆ ಹೊರಡುವ ಮುಂಚಿನ ವಾರ ಒಂದು ರಾತ್ರಿ ಬಿಟ್ಟು ನೋಡಿ. ಕೊರಳಪಟ್ಟಿಯಲ್ಲಿ ನಿಮ್ಮ ನಂಬರಿನ ಜೊತೆ ಶೆಲ್ಟರ್‌ನ ನಂಬರೂ ಇರಲಿ. ಸುರಂಗದೊಳಗೆ ನಿಮ್ಮ ಫೋನಿಗೆ ನೆಟ್‌ವರ್ಕ್ ಇರುವುದಿಲ್ಲ.